ಬಂಕಿನ ಕೆಳಗಿನ ನೀರು

ಕಾಫಿ ಹಣ್ಣಿನ ಪಲ್ಪಿಂಗ್ ನಡೆಯುವ ಡಿಸೆಂಬರ್, ಜನವರಿಯಲ್ಲಿ ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಹಳ್ಳವೊಂದು ಕಪ್ಪಗಾದರೆ ಕೆಳಗಿನ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೊಳೆತ ಸಿಪ್ಪೆಯ ಹುಳಿ ನಾತವೇ ಸಾಕ್ಷಿ. ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡದೆ, ಸುಣ್ಣ ಬೆರೆಸಿ, ಹೊಂಡಗಳಲ್ಲಿ ನಿಲ್ಲಿಸಿ ಸಂಸ್ಕರಿಸಬೇಕೆಂಬ ನಿಯಮ ಪೂರ್ತಿಯಾಗಿ ಪಾಲನೆಯಾಗುತ್ತಿಲ್ಲ ನಿಜ. ಆದರೂ ಅಂಥದೊಂದು ನಿಯಮ ಬಂದಿರುವುದು ಆ ಮಾಲಿನ್ಯಕ್ಕೆ ಬಣ್ಣ ಮತ್ತು ವಾಸನೆ ಇರುವುದರಿಂದಲೇ ಎಂದು ನನಗೆ ಅನ್ನಿಸುತ್ತದೆ. ಕುದುರೆಮುಖದ ಗಣಿಯ ಕತೆಯೂ ಹಾಗೆಯೇ. ಮಳೆಗಾಲದಲ್ಲಿ ಭದ್ರೆ ಹೂಳು ಹೊತ್ತು ಕೆಂಪಗೆ ಹರಿಯುವುದನ್ನು ಕಳಸದ ಜನ ಕಣ್ಣಾರೆ ಕಂಡಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು.

ಇದೇ ಬೆಟ್ಟಗಳಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಅಪಾಯದ ಸಾಧ್ಯತೆ ಇದೆ. ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಕಳಸಕ್ಕೆ ಹೋಗುವಾಗಲೆಲ್ಲ ಪೆಟ್ರೋಲ್ ಬಂಕ್‌ಗಳನ್ನು ಎಣಿಸುವ ಚಟ ನನಗಿದೆ. ಪ್ರತಿಯೊಂದು ಬಂಕಿನ ಅಂಗಳದ ಅಡಿಯಲ್ಲೂ ಸಾವಿರಾರು ಲೀಟರ್ ಇಂಧನ ತುಂಬಿದ ಉಕ್ಕಿನ ಟ್ಯಾಂಕುಗಳು ಹೂತಿರುತ್ತವೆ. ಇವುಗಳಲ್ಲಿ ಯಾವುದೋ ಸೋರುತ್ತಿದೆ ಎಂದು ನಾನು ಹೇಳುತ್ತಿಲ್ಲ. ಸೋರಿದರೆ ನಮಗೆ ತಿಳಿಯುವ ದಾರಿ ಯಾವುದು ಎಂಬುದಷ್ಟೇ ನನ್ನ ಪ್ರಶ್ನೆ.

ಮಲೆನಾಡಿನ ಹುಳಿ ಮಣ್ಣು, ತಿಂಗಳುಗಟ್ಟಲೆ ಆರದ ತೇವ, ಇವೆರಡೂ ಉಕ್ಕಿಗೆ ಹಿತವಲ್ಲ. ತುಕ್ಕು ತಿಂದ ಬೆಸುಗೆಯಿಂದಲೋ ಪೈಪಿನ ಕೂಡಿಕೆಯಿಂದಲೋ ದಿನಕ್ಕೆ ಒಂದು ಲೀಟರ್ ಜಿನುಗಿದರೆ ಅದು ಆವಿಯಾದ ಲೆಕ್ಕದಲ್ಲೇ ಸೇರಿಹೋಗುತ್ತದೆ. ಆ ಒಂದು ಲೀಟರಿನ ತೂಕವೆಷ್ಟು ನೋಡಿ. ಈಗಿನ ಬಿಎಸ್-6 ಪೆಟ್ರೋಲಿನಲ್ಲಿ ಶೇ 1ರಷ್ಟು ಬೆಂಜೀನ್ ಇರಬಹುದು. ಇದು ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಕುಡಿಯುವ ನೀರಿನಲ್ಲಿ ಇದರ ಪ್ರಮಾಣ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೆಕ್ಕ ಹಾಕಿದರೆ, ಒಂದು ಲೀಟರ್ ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಈ ಮಿತಿಗೆ ಮುಟ್ಟಿಸಬಲ್ಲದು. ಬೆಂಜೀನ್ ಒಂದನ್ನೇ ಗಣಿಸಿದರೆ, ಅದರ ವಾಸನೆ ಮೂಗಿಗೆ ತಟ್ಟುವ ಹೊತ್ತಿಗೆ ಪ್ರಮಾಣವು ಮಿತಿಯ ನೂರಾರು ಪಟ್ಟು ದಾಟಿರುತ್ತದೆ. ಹುಳಿ ನಾತದ ಹಳ್ಳ ಕೊಡುವಂಥ ಎಚ್ಚರಿಕೆ ಇಲ್ಲಿ ಸಿಗುವುದಿಲ್ಲ.

ಪೆಟ್ರೋಲಿಗೆ ಶೇ 20ರವರೆಗೆ ಎಥನಾಲ್ ಬೆರೆಸುತ್ತಿರುವುದರಿಂದ ಇನ್ನೊಂದು ತೊಡಕು ಸೇರಿದೆ. ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ಎಥನಾಲನ್ನು ತಿಂದು, ಇರುವ ಆಮ್ಲಜನಕವನ್ನೂ ಮುಗಿಸುತ್ತವೆ. ಉಳಿದ ಬೆಂಜೀನ್ ಇನ್ನಷ್ಟು ದೂರ ಸಾಗುತ್ತದೆ.

ಅಮೆರಿಕ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. ಅಲ್ಲಿ ಭೂಗತ ಟ್ಯಾಂಕುಗಳಿಗೆಂದೇ 1984ರಲ್ಲಿ ಕಾನೂನು ಬಂತು. ಹಳೆಯ ಟ್ಯಾಂಕುಗಳನ್ನು ಸುಧಾರಿಸಲು ಇಲ್ಲವೇ ಮುಚ್ಚಲು 1998ರ ಡಿಸೆಂಬರ್‌ವರೆಗೆ ಗಡುವು ಕೊಟ್ಟರು. ಹುಡುಕಿದಂತೆಲ್ಲ ಸಿಕ್ಕಿ, ಈವರೆಗೆ ದೃಢಪಟ್ಟ ಸೋರಿಕೆಗಳು ಐದು ಲಕ್ಷಕ್ಕೂ ಹೆಚ್ಚು. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ 1996ರಲ್ಲಿ ತನ್ನ ನೀರಿನ ಮೂಲದ ಸುಮಾರು ಅರ್ಧ ಭಾಗವನ್ನೇ ಮುಚ್ಚಬೇಕಾಯಿತು. ಕೊಳವೆಬಾವಿಗಳಿಗೆ ಸೇರಿದ್ದು ಪೆಟ್ರೋಲಿನ ಬೆರಕೆ ಎಂಟಿಬಿಇ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 1974ರ ಜಲ ಕಾಯ್ದೆ ಭೂಮಿಯೊಳಗಿನ ನೀರನ್ನೂ ತೊರೆ ಎಂದೇ ಪರಿಗಣಿಸಿ, ಅದಕ್ಕೆ ವಿಷ ಸೇರಿಸುವುದನ್ನು ನಿಷೇಧಿಸಿದೆ. ಟ್ಯಾಂಕಿಗೆ ಪರವಾನಗಿ ಕೊಡುವುದು 2002ರ ಪೆಟ್ರೋಲಿಯಂ ನಿಯಮಗಳ ಪ್ರಕಾರ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಸ್ಫೋಟಕ ಸುರಕ್ಷತಾ ಸಂಸ್ಥೆ. ಅದರ ಮುಖ್ಯ ಚಿಂತೆ ಬೆಂಕಿಯದು. ಹೊಸ ಬಂಕ್ ಶಾಲೆ, ಆಸ್ಪತ್ರೆ, ಮನೆಗಳಿಂದ 50 ಮೀಟರ್ ದೂರವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಸೂಚಿಸಿತು. ಆದರೆ ನೆಲದ ಮೇಲೆ ಅಳೆದ ಐವತ್ತು ಮೀಟರಿಗೂ ಬಂಡೆಯ ಬಿರುಕಿನಲ್ಲಿ ಇಳಿಯುವ ನೀರಿಗೂ ಏನು ಸಂಬಂಧ?

ಬಯಲುಸೀಮೆಯ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಮೇಲೆ ಜಂಬಿಟ್ಟಿಗೆಯ ಪದರ, ಕೆಳಗೆ ಬಿರುಕು ಬಿಟ್ಟ ಗಟ್ಟಿ ಶಿಲೆ. ರಸ್ತೆಯ ಪಕ್ಕ ಇಂಗಿದ್ದು ಎರಡು ತಿರುವು ಕೆಳಗಿನ ತೋಟದ ಒರತೆಯಲ್ಲಿ ಏಳಬಹುದು, ಪಕ್ಕದ ಬಾವಿ ಶುದ್ಧವಾಗಿಯೇ ಉಳಿಯಬಹುದು. ಬಾವಿ ತೋಡದೆ ಗುಡ್ಡದ ಒರತೆಗೆ ಪೈಪು ಹಾಕಿ ಮನೆಗೆ ನೀರು ತಂದುಕೊಂಡ ಕುಟುಂಬಗಳು ಇಲ್ಲಿ ಎಷ್ಟೋ ಇವೆ. ಇಂಧನ ನೀರಿಗಿಂತ ಹಗುರ. ಅಂತರ್ಜಲ ಏರಿದಾಗ ಅದರ ಮೇಲೆ ತೇಲಿ ಏರುತ್ತದೆ, ಇಳಿದಾಗ ಮಣ್ಣಿಗೆ ಮೆತ್ತಿಕೊಂಡು ಉಳಿಯುತ್ತದೆ. ಹೀಗಾಗಿ ಒಂದೇ ಬಾವಿ ಒಂದು ತಿಂಗಳು ಕೆಟ್ಟು ಇನ್ನೊಂದು ತಿಂಗಳು ಚೆನ್ನಾಗಿರುವಂತೆ ತೋರಬಹುದು.

ಬಂಕೊಂದರ ವ್ಯವಸ್ಥಾಪಕರು ಒಮ್ಮೆ ನನ್ನೆದುರು ಅಳತೆಗೋಲಿನ ತುದಿಗೆ ಒಂದು ಬಗೆಯ ಲೇಪ ಹಚ್ಚಿ ಟ್ಯಾಂಕಿಗೆ ಇಳಿಸಿದರು. ತಳದಲ್ಲಿ ನೀರಿದ್ದರೆ ಲೇಪದ ಬಣ್ಣ ಬದಲಾಗುತ್ತದೆ. ಪೆಟ್ರೋಲಿಗೆ ನೀರು ಸೇರಿದೆಯೇ ಎಂದು ನೋಡಲು ಇಷ್ಟು ಕಾಳಜಿ! ನೀರಿಗೆ ಪೆಟ್ರೋಲ್ ಸೇರಿದೆಯೇ ಎಂದು ನೋಡುವವರು ಯಾರು? ಜಲಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಯ ಮಹಿಳೆಯರಿಗೆ ಕೊಟ್ಟಿರುವ ಪರೀಕ್ಷಾ ಪೆಟ್ಟಿಗೆ ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ರೋಗಾಣುಗಳನ್ನು ಹೇಳುತ್ತದೆ. ಬೆಂಜೀನ್ ಅದರ ಅಳವಿಗೆ ಮೀರಿದ್ದು.

ಹಾಗಾದರೆ ತನಿಖೆ ಎಲ್ಲಿಂದ ಶುರುವಾಗಬೇಕು? ಬಂಕಿನ ದಾಸ್ತಾನು ಪುಸ್ತಕದಿಂದ. ಬಂದದ್ದು, ಮಾರಿದ್ದು, ಅಳತೆಗೋಲು ತೋರಿದ್ದು, ಈ ಮೂರರ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಒಂದೇ ದಿಕ್ಕಿಗೆ ವಾಲುತ್ತಿದ್ದರೆ ಟ್ಯಾಂಕಿನ ಒತ್ತಡ ಪರೀಕ್ಷೆ ಮಾಡಿಸಬೇಕು. ಆ ಪುಟ ಈಗ ಡೀಲರ್ ಮತ್ತು ಕಂಪನಿಯ ನಡುವಿನ ವ್ಯವಹಾರ. ಅದರ ಪ್ರತಿಯೊಂದನ್ನು ಗ್ರಾಮ ಪಂಚಾಯಿತಿಗೂ ಕೊಡಲು ಅಡ್ಡಿಯೇನು ಎಂದು ನನಗೆ ತಿಳಿಯುತ್ತಿಲ್ಲ. ಜತೆಗೆ ಪ್ರತಿ ಬಂಕಿನ ಕೆಳಗಿನ ಇಳಿಜಾರಿನ ಬಾವಿ, ಒರತೆಗಳಿಂದ ವರ್ಷಕ್ಕೆರಡು ಮಾದರಿ ತೆಗೆಯಬೇಕು. ಒಂದು ಹೂಮಳೆಗೆ ಮುನ್ನ, ಇನ್ನೊಂದು ಜುಲೈನಲ್ಲಿ. ಕೈಗೆ ಸಿಕ್ಕ ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ತುಂಬಿ ಒಯ್ದರೆ ದಾರಿಯಲ್ಲೇ ಬೆಂಜೀನ್ ಆವಿಯಾಗಿ, ಪ್ರಯೋಗಾಲಯ ನೀರು ಚೆನ್ನಾಗಿದೆ ಎಂದು ಬರೆದುಕೊಡುತ್ತದೆ. ಗಾಜಿನ ಸೀಸೆಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಿ, ಮಂಜುಗಡ್ಡೆಯ ನಡುವೆ ಇಟ್ಟು ಕಳಿಸಬೇಕು.