ಹಟಮಾರಿ ಹುಡುಗನೂ ನಿಲ್ಲದ ಗಮನವೂ

‘ಹುಡುಗ ಹೇಳಿದ್ದು ಕೇಳುವುದಿಲ್ಲ, ಎದುರಾಡುತ್ತಾನೆ, ಪುಸ್ತಕ ಹಿಡಿದು ಐದು ನಿಮಿಷ ಕೂಡುವುದಿಲ್ಲ’ ಎಂಬ ದೂರು ನಮ್ಮ ವಾಚನಾಲಯದ ಸಂಜೆಯ ಮಾತುಕತೆಯಲ್ಲಿ ಆಗಾಗ ಕೇಳಿಬರುತ್ತದೆ. ಅನೇಕ ಮನೆಗಳಲ್ಲಿ ಇದಕ್ಕೆ ಮದ್ದು ಏಟು. ಆದರೆ ಇಲ್ಲಿ ಎರಡು ಬೇರೆ ತೊಂದರೆಗಳು ಕೂಡಿಕೊಂಡಿರಬಹುದು.

ಮೊದಲನೆಯದು ಗಮನ ನಿಲ್ಲದಿರುವುದು. ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳ ವಿಷಯವಾಗಿ ಜಾರ್ಜ್ ಸ್ಟಿಲ್ ಎಂಬ ವೈದ್ಯರು 1902ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ಮಾಡಿದ್ದರು. ಇಂದು ವೈದ್ಯರು ಇಂಥ ತೊಂದರೆಯನ್ನು ಎ.ಡಿ.ಎಚ್.ಡಿ. ಎನ್ನುತ್ತಾರೆ. ಇದರಲ್ಲಿ ವಂಶದ ಪಾಲು ದೊಡ್ಡದು. ತಾಯಿಯ ಮುದ್ದಿನಿಂದ ಬಂದದ್ದಲ್ಲ.

ಎರಡನೆಯದು ಎದುರುಬೀಳುವ ಸ್ವಭಾವದ ತೊಂದರೆ, ಅಂದರೆ ಓ.ಡಿ.ಡಿ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು 1980ರಲ್ಲಿ ಸೇರಿತು. ಅದರ 2013ರ ಆವೃತ್ತಿಯಂತೆ, ಸಿಟ್ಟು, ವಾದ, ಸೇಡು ಮೊದಲಾದ ಎಂಟು ಲಕ್ಷಣಗಳಲ್ಲಿ ನಾಲ್ಕಾದರೂ ಆರು ತಿಂಗಳು ಕಾಣಬೇಕು. ಅದೂ ಅಣ್ಣತಮ್ಮಂದಿರ ಜಗಳದಲ್ಲಿ ಮಾತ್ರ ಕಂಡರೆ ಸಾಲದು. ಒಂದು ದಿನದ ಹಟ ರೋಗವಲ್ಲ.

ಒಂದು ಇನ್ನೊಂದಕ್ಕೆ ದಾರಿಯಾಗುವುದು ಹೇಗೆ? ಪಾಳಿ ಮುಗಿಸಿ ಬಂದ ತಂದೆ ‘ಪಾಠ ಬರಿ’ ಎನ್ನುತ್ತಾನೆ. ಮಗನ ಗಮನ ಬೇರೆಡೆ. ತಂದೆ ಗದರುತ್ತಾನೆ, ಮಗ ಕಿರುಚುತ್ತಾನೆ. ದಣಿದ ತಂದೆ ‘ಹಾಳಾಗಿ ಹೋಗು’ ಎಂದು ಬಿಟ್ಟರೆ, ಕಿರುಚಿದರೆ ಕೆಲಸ ತಪ್ಪುತ್ತದೆಂದು ಮಗ ಕಲಿತ. ಮರುದಿನ ಏಟಿಗೆ ಮಗ ಬಗ್ಗಿದರೆ, ಹೊಡೆದರೇ ಕೆಲಸವಾಗುತ್ತದೆಂದು ತಂದೆ ಕಲಿತ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕೆರಳಿಸುವುದನ್ನು ಅಮೆರಿಕದ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಬಹುಕಾಲ ಅಭ್ಯಸಿಸಿದರು.

ಈ ಸುಳಿಯಿಂದ ಹೊರಬರಲು ಹಿರಿಯರೇ ಮೊದಲು ಹೆಜ್ಜೆಯಿಡಬೇಕು. ದೂರದಿಂದ ಕೂಗದೆ ಹತ್ತಿರ ಹೋಗಿ ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು. ಮಾಡಿದರೆ ಆಗಲೇ ಮೆಚ್ಚಬೇಕು. ತಪ್ಪಿಗೆ ಶಿಕ್ಷೆ ಸಣ್ಣದಿರಲಿ, ಆದರೆ ಖಂಡಿತವಿರಲಿ. ತಾಯಿಯದೊಂದು, ತಂದೆಯದೊಂದು ನಿಯಮ ಬೇಡ. ಗಮನದ ತೊಂದರೆಗೆ ಔಷಧಿಯೂ ಉಂಟು. ಅದು ವೈದ್ಯರ ಸಲಹೆಯಿಂದಲೇ ಆಗಬೇಕು.

ಪರಭಾಷೆಯ ಊರಿನಲ್ಲಿರುವ ನಮಗೆ ಇನ್ನೊಂದು ಎಚ್ಚರಿಕೆ ಅವಶ್ಯ. ಶಾಲೆಯ ಭಾಷೆ ತಿಳಿಯದ ಮಗುವೂ, ಕಿವಿ ಮಂದವಾದ ಮಗುವೂ ಗಮನವಿಲ್ಲದಂತೆ ಕಾಣಬಹುದು. ಗಮನದ ತೊಂದರೆಯಾದರೆ ಶಾಲೆಯೊಂದರಲ್ಲೇ ಅಲ್ಲ, ಮನೆಯಲ್ಲಿಯೂ ಕಾಣಬೇಕು. ಆದ್ದರಿಂದ ಗುರುಗಳನ್ನು ವಿಚಾರಿಸಿ, ಕಿವಿ ಕಣ್ಣು ಪರೀಕ್ಷಿಸಿಸಿ, ಅನಂತರ ಮಕ್ಕಳ ವೈದ್ಯರಲ್ಲಿಗೆ ಹೋಗುವುದು ಒಳ್ಳೆಯದು. ಸರ್ಕಾರವು 2022ರಲ್ಲಿ ತೆರೆದ ‘ಟೆಲಿ ಮಾನಸ್’ ಸೇವೆಗೆ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿಯೂ ಉಚಿತವಾಗಿ ಸಲಹೆ ದೊರೆಯುತ್ತದೆ. ಕೈಯೆತ್ತುವ ಮೊದಲು ಇಷ್ಟನ್ನು ಮಾಡಿ ನೋಡಬೇಕೆಂದು ಬಂಧುಗಳಲ್ಲಿ ನಮ್ಮ ವಿನಂತಿ.