ಬೋರಿನ ನೀರಿಗೆ ಹಸಿರು ದೀಪ: ಹೊತ್ತಿದರೂ ಚಿಂತೆ, ಹೊತ್ತದಿದ್ದರೂ ಚಿಂತೆ!

ಕೊಡದಲ್ಲಿನ ಬೋರಿನ ನೀರು ಕನ್ನಡಿಯಂತೆ ತಿಳಿ. ಆದರೆ ಅದರಲ್ಲಿ ಫ್ಲೋರೈಡ್ ಎಷ್ಟಿದೆ? ಕಣ್ಣಿಗೆ ಕಾಣಂಗಿಲ್ಲ, ನಾಲಿಗೆಗೆ ತಿಳಿಯಂಗಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಮಕ್ಕಳ ಹಲ್ಲಿನ ಕಲೆ, ಹಿರಿಯರ ಮೊಣಕಾಲು ನೋವು ಹೇಳಬೇಕಷ್ಟೇ. ಕಾಸಿ ಕುಡಿದರೆ ಹೋಗುತ್ತದೆ ಎಂಬ ಮಾತು ಶುದ್ಧ ಸುಳ್ಳು. ಕಾಸಿದಷ್ಟೂ ನೀರು ಆವಿಯಾಗಿ ಫ್ಲೋರೈಡಿನ ಪ್ರಮಾಣ ಹೆಚ್ಚುತ್ತದೆ.

ಇಂಡಿ ತಾಲೂಕಿನ ಅಂತರ್ಜಲದ ಫ್ಲೋರೈಡ್ ಕುರಿತು ಸಂಶೋಧಕರು ಬರೆದಾಗಿದೆ. ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳಲ್ಲಿ ಬೋರನ್ನೇ ನಂಬಿದ ಹಳ್ಳಿಗಳಿಗೂ ಇದೇ ಪ್ರಶ್ನೆ.

ಇದಕ್ಕೊಂದು ಹೊಸ ಉಪಾಯ ಬಂದಿದೆ. ಫ್ಲೋರೈಡ್ ಅಂದರೆ ಬ್ಯಾಕ್ಟೀರಿಯಾಗಳಿಗೂ ವೈರಿ. ಅದು ಒಳಗೆ ಬಂದೊಡನೆ ಅವುಗಳಲ್ಲಿನ ಒಂದು 'ಸ್ವಿಚ್' ಆನ್ ಆಗಿ, ಫ್ಲೋರೈಡನ್ನು ಹೊರದೂಡುವ ಪ್ರೋಟೀನ್ ತಯಾರಾಗುತ್ತದೆ. ಈ ಸ್ವಿಚ್ ಪತ್ತೆಯಾದದ್ದು 2012ರಲ್ಲಿ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಹೊರದೂಡುವ ಪ್ರೋಟೀನಿನ ಜಾಗದಲ್ಲಿ ಜೆಲ್ಲಿ ಮೀನಿನ ಹೊಳೆಯುವ ಪ್ರೋಟೀನನ್ನು ಕೂಡಿಸಿದರು. ಬ್ಯಾಕ್ಟೀರಿಯಾದ ಒಳಗಿನ ಸಾರವನ್ನಷ್ಟೇ ಒಣಗಿಸಿ ಪುಟ್ಟ ಕೊಳವೆಗೆ ಹಾಕಿದರು. ಅದಕ್ಕೆ ನೀರು ಬಿಟ್ಟು, ಹೊತ್ತು ಕಾಯ್ದು, ನೀಲಿ ಬೆಳಕು ಹಿಡಿದರಾಯಿತು. ಫ್ಲೋರೈಡ್ ಇದ್ದರೆ ಹಸಿರು ಹೊಳಪು! ಕೋಸ್ಟರಿಕಾ ದೇಶದ ನೀರಿನ ಮೇಲೂ ಈ ಉಪಾಯ ಫಲ ಕೊಟ್ಟಿತು. ದೀಪದ ತಾಪತ್ರಯ ಬೇಡವೆನ್ನುವವರಿಗೆ ಹಳದಿ ಬಣ್ಣ ತೋರಿಸುವ ಇನ್ನೊಂದು ಬಗೆಯೂ ಇದೆ. ನಮ್ಮ ಹಳ್ಳಿಗಳಿಗೆ ಅದೇ ಲೇಸು.

ಈ ಹೊಳೆಯುವ ಪ್ರೋಟೀನ್ ಸಾಮಾನ್ಯದ್ದಲ್ಲ. ಜಪಾನಿನ ಶಿಮೊಮುರಾ 1962ರಲ್ಲಿ ಅದನ್ನು ಜೆಲ್ಲಿ ಮೀನಿನಿಂದ ತೆಗೆದರು. 1994ರಲ್ಲಿ ಚಾಲ್ಫಿ ಅದನ್ನು ಬ್ಯಾಕ್ಟೀರಿಯಾದಲ್ಲಿ ಹೊಳೆಸಿ ತೋರಿಸಿದರು. ಇವರಿಬ್ಬರಿಗೂ, ಬಣ್ಣಬಣ್ಣದ ಪ್ರೋಟೀನ್ ಮಾಡಿದ ತ್ಸಿಯೆನ್ ಅವರಿಗೂ ಸೇರಿ 2008ರ ನೊಬೆಲ್ ಬಂತು.

ಎಲ್ಲಾ ಖರೆ. ಆದರೆ ಲೆಕ್ಕ ನೋಡ್ರಿ. ಈ ಕೊಳವೆ ಹೊಳೆಯುವುದು ಲೀಟರಿಗೆ 2 ಮಿಲಿಗ್ರಾಂ ದಾಟಿದಾಗ. ಭಾರತದ ಮಾನದಂಡ 1 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆ 1.5ರ ತನಕ ಮಾತ್ರ ಸಹಿಸಬಹುದು. ಹಾಗಾದರೆ 1.7 ಇರುವ ಬೋರಿನ ಗತಿ? ಕೊಳವೆ ಕತ್ತಲು, ನೀರು ಮಿತಿ ಮೀರಿದ್ದು! 'ಹೊಳೆಯಲಿಲ್ಲ, ಕುಡೀರಿ' ಎಂದು ಯಾರಾದರೂ ಹೇಳಿದರೆ ಕೆಲಸ ಕೆಟ್ಟಿತು. ವಿಜ್ಞಾನಿಗಳೇನೂ ಮೋಸ ಮಾಡಿಲ್ಲ, ತಮ್ಮ ದೇಶದ ಅಳತೆಗೆ ಮಾಡಿದ್ದಾರೆ. ನಮ್ಮ ಅಳತೆಗೆ ಆ ಸ್ವಿಚ್ ಇನ್ನೂ ಚುರುಕಾಗಬೇಕು.

ಅಲ್ಲಿಯತನಕ ಬಣ್ಣ ಹೋಲಿಸಿ ನೋಡುವ ಕಿಟ್ ಇದೆ, ಪ್ರಯೋಗಾಲಯವಿದೆ. ಜಲ ಜೀವನ ಮಿಷನ್ನಿನಲ್ಲಿ ಊರಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ನಿಯಮವೂ ಇದೆ. ಪರೀಕ್ಷೆಯಲ್ಲಿ ಬಂದ ಅಂಕಿಯನ್ನು ಪ್ರತಿ ಬೋರಿನ ಕಟ್ಟೆಯ ಮೇಲೆ ಬಣ್ಣದಿಂದ ಬರೆಸಲು ಪಂಚಾಯಿತಿಗೆ ಎಷ್ಟು ಖರ್ಚು ಬರುತ್ತದೆ?