ಗುರುವಿನ ಕಣ್ಣಿಗೆ ಬಿದ್ದ ಬಾಲಕ: ಟೆನಿಸ್ ಸಾಧಕ ನೊವಾಕ್ ಜೊಕೊವಿಚ್

ಶಿಷ್ಯನು ಗುರುವನ್ನು ಅರಸಿಕೊಂಡು ಹೋಗುವುದು ಲೋಕರೂಢಿ. ಗುರುವೇ ಶಿಷ್ಯನನ್ನು ಗುರುತಿಸಿ ಕರೆದುಕೊಂಡ ಪ್ರಸಂಗಗಳು ವಿರಳ. ಅಂಥದೊಂದು ಪ್ರಸಂಗವು 1993ರಲ್ಲಿ ಸರ್ಬಿಯಾ ದೇಶದ ಕೊಪಾವೊನಿಕ್ ಪರ್ವತದ ಮೇಲೆ ನಡೆಯಿತು. ಐವತ್ತು ದಾಟಿದ ಯೆಲೆನಾ ಗೆಂಚಿಚ್ ಎಂಬ ಶಿಕ್ಷಕಿ ಅಲ್ಲಿ ಮಕ್ಕಳಿಗೆ ಟೆನಿಸ್ ಕಲಿಸುತ್ತಿದ್ದರು. ಆರು ವರ್ಷದ ಹುಡುಗನೊಬ್ಬ ಬೇಲಿಗೆ ಮುಖ ಹಚ್ಚಿ ಗಂಟೆಗಟ್ಟಲೆ ನೋಡುತ್ತ ನಿಂತಿದ್ದ. ನೀನೂ ಆಡುವೆಯಾ ಎಂದು ಆ ತಾಯಿ ಕೇಳಿದರು. ಆ ಹುಡುಗನೇ ಇಂದು ಜಗತ್ತು ಬಲ್ಲ ನೊವಾಕ್ ಜೊಕೊವಿಚ್.

ಧರ್ಮಪತ್ರಿಕೆಯಲ್ಲಿ ಚೆಂಡಾಟದ ಮಾತೇಕೆಂದು ನಮ್ಮ ಹಿರಿಯ ಓದುಗರು ಕೇಳಿಯಾರು. ಆಟವನ್ನೇ ಜೀವನೋಪಾಯವಾಗಿ ಸ್ವೀಕರಿಸಿ, ಅದಕ್ಕಾಗಿ ದೇಹವನ್ನೂ ಮನಸ್ಸನ್ನೂ ಮೀಸಲಿಟ್ಟವನಿಗೆ ಅದು ಕಾಯಕವಲ್ಲದೆ ಮತ್ತೇನು? ಮನೆಯ ಮಕ್ಕಳು ದೂರದರ್ಶನದ ಮುಂದೆ ಕುಳಿತು ಈತನ ಆಟ ನೋಡುತ್ತಿರುವಾಗ, ಈತ ಬೆಳೆದುಬಂದ ಬಗೆಯನ್ನು ಹಿರಿಯರೂ ಅರಿತಿರುವುದು ಲೇಸು.

ಮರುದಿನ ಬಾಲಕನು ಹೊತ್ತಿಗೆ ಮುಂಚೆಯೇ ಬಂದ. ಚೀಲದಲ್ಲಿ ರ‍್ಯಾಕೆಟ್, ಟವೆಲು, ನೀರಿನ ಸೀಸೆ, ಬದಲಿ ಅಂಗಿ, ಒಂದು ಬಾಳೆಹಣ್ಣು ಎಲ್ಲವೂ ಒಪ್ಪವಾಗಿ ಜೋಡಿಸಲ್ಪಟ್ಟಿದ್ದವು. ಅಮ್ಮ ಜೋಡಿಸಿಕೊಟ್ಟರೇ ಎಂದು ಗುರು ಕೇಳಿದಾಗ ಅವನಿಗೆ ಕೊಂಚ ಕೋಪವೇ ಬಂದಿತಂತೆ. ಟೆನಿಸ್ ಆಡುವವನು ತಾನು, ಆದುದರಿಂದ ತಾನೇ ಜೋಡಿಸಿಕೊಂಡೆ ಎಂದನಂತೆ. ಮೂರು ದಿನ ಪರೀಕ್ಷಿಸಿದ ಬಳಿಕ ಗೆಂಚಿಚ್ ಅವರು ತಂದೆತಾಯಿಗಳನ್ನು ಕಂಡು, ನಿಮ್ಮದು ಬಂಗಾರದಂಥ ಮಗು ಎಂದರು. ತಂದೆ ಸ್ರಜಾನ್ ಮತ್ತು ತಾಯಿ ದಿಯಾನಾ ಆ ಬೆಟ್ಟದ ಮೇಲೆ ಪಿಜ್ಜಾ ಮಾರುವ ಚಿಕ್ಕ ಉಪಾಹಾರಗೃಹ ನಡೆಸುತ್ತಿದ್ದವರು. ಆ ಮನೆತನದಲ್ಲಿ ಟೆನಿಸ್ ಆಡಿದವರೇ ಇರಲಿಲ್ಲ.

ಗೆಂಚಿಚ್ ಸಾಮಾನ್ಯ ಶಿಕ್ಷಕಿಯಾಗಿರಲಿಲ್ಲ. ಮೋನಿಕಾ ಸೆಲೆಸ್ ಅವರ ಪ್ರತಿಭೆಯನ್ನು ಬಾಲ್ಯದಲ್ಲಿಯೇ ಗುರುತಿಸಿದವರು. ಬೆಲ್‌ಗ್ರೇಡ್ ದೂರದರ್ಶನದಲ್ಲಿ ಕೆಲಸ ಮಾಡಿದವರು. ಆಟದ ಜೊತೆಗೆ ಶಿಷ್ಯನಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಿಸಿದರು, ಪುಷ್ಕಿನ್ನನ ಕವಿತೆಗಳನ್ನು ಓದಿಸಿದರು, ಪರಭಾಷೆಗಳನ್ನು ಕಲಿಯುವಂತೆ ಪ್ರೇರೇಪಿಸಿದರು. ಎಡಬದಿಯ ಹೊಡೆತವನ್ನು ಒಂದೇ ಕೈಯಿಂದ ಹೊಡೆಯುವುದನ್ನು ಕಲಿಸಲು ಅವರು ಯತ್ನಿಸಿದ್ದುಂಟು. ಎರಡು ಕೈ ಬಳಸಿದರೆ ತನಗೆ ಹೆಚ್ಚು ಬಲ ಬರುತ್ತದೆಂದು ಹುಡುಗ ಹೇಳಿದಾಗ ಒಪ್ಪಿಕೊಂಡರು. ಮುಂದೆ ಜಗತ್ತಿನ ಎದುರಾಳಿಗಳೆಲ್ಲ ಅಂಜಿದ ಹೊಡೆತ ಅದೇ. ಶಿಷ್ಯನ ದೇಹಧರ್ಮವನ್ನು ಅರಿತು ತನ್ನ ಹಟವನ್ನು ಬಿಟ್ಟುಕೊಡುವ ಗುರುವಿನ ಗುಣ ದೊಡ್ಡದೆಂದು ನನ್ನ ಭಾವನೆ. ಮಠಗಳ ಪಾಠಶಾಲೆಗಳಲ್ಲಿಯೂ ಅದು ಎಲ್ಲರಲ್ಲಿ ಕಾಣಸಿಗುವ ಗುಣವಲ್ಲ.

1999ರ ಮಾರ್ಚ್ 24ರಂದು ಆ ನಾಡಿಗೆ ಕೇಡುಗಾಲ ಬಂದಿತು. ಕೊಸೊವೊ ಪ್ರಾಂತದ ಅಲ್ಬೇನಿಯನ್ನರ ಮೇಲಿನ ದಮನವನ್ನು ನಿಲ್ಲಿಸಲೆಂದು ನ್ಯಾಟೋ ರಾಷ್ಟ್ರಗಳು ಯುಗೊಸ್ಲಾವಿಯದ ಮೇಲೆ 78 ದಿನ ಬಾಂಬು ಸುರಿಸಿದವು. ದೊರೆಗಳ ಅಪರಾಧಕ್ಕೆ ಮಕ್ಕಳು ನಿದ್ರೆ ಕೆಟ್ಟರು. ಜೊಕೊವಿಚ್ ಕುಟುಂಬವು ಬೆಲ್‌ಗ್ರೇಡಿನಲ್ಲಿ ಅಜ್ಜನ ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ರಾತ್ರಿಗಳನ್ನು ಕಳೆಯಿತು. ಹಗಲಾದರೆ ಗೆಂಚಿಚ್ ಶಿಷ್ಯನನ್ನು ಕರೆದೊಯ್ಯುತ್ತಿದ್ದರು. ಎಲ್ಲಿಗೆ? ಹಿಂದಿನ ದಿನ ಬಾಂಬು ಬಿದ್ದ ಕಡೆಗೆ! ಒಂದೇ ಸ್ಥಳದ ಮೇಲೆ ಮರುದಿನವೇ ಮತ್ತೆ ದಾಳಿಯಾಗಲಾರದೆಂಬುದು ಅವರ ಎಣಿಕೆ. ಬಾಲಕನ 12ನೆಯ ಹುಟ್ಟುಹಬ್ಬ ಬಂದದ್ದು ಆ 78 ದಿನಗಳ ನಡುವೆಯೇ.

ಅದೇ ವರ್ಷ ಅವನನ್ನು ಜರ್ಮನಿಯ ಮ್ಯೂನಿಕ್ ನಗರದ ಬಳಿ ಇದ್ದ ನಿಕಿ ಪಿಲಿಚ್ ಅವರ ಟೆನಿಸ್ ಶಾಲೆಗೆ ಕಳುಹಿಸಲಾಯಿತು. ತಂದೆ ಹೆಚ್ಚು ಬಡ್ಡಿಗೆ ಸಾಲ ತಂದರು. ಒಂದು ದಿನ ಮೂವರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮೇಜಿನ ಮೇಲೆ 10 ಮಾರ್ಕುಗಳ ನೋಟನ್ನಿಟ್ಟು, ಮನೆಯಲ್ಲಿ ಉಳಿದಿರುವುದು ಇಷ್ಟೇ ಎಂದು ತೋರಿಸಿದರಂತೆ. ಒಬ್ಬ ಮಗನ ವಿದ್ಯೆಗಾಗಿ ಇಡೀ ಮನೆ ಹೊಟ್ಟೆ ಕಟ್ಟುವ ಸಂಕಟವನ್ನು ನಮ್ಮ ಒಕ್ಕಲುತನದ ಮನೆಗಳಿಗೆ ಬಿಡಿಸಿ ಹೇಳಬೇಕಿಲ್ಲ.

2003ರಲ್ಲಿ ವೃತ್ತಿಗಿಳಿದ ಜೊಕೊವಿಚ್ ಅವರು 2008ರಲ್ಲಿ ಆಸ್ಟ್ರೇಲಿಯದಲ್ಲಿ ಮೊದಲ ಗ್ರ್ಯಾಂಡ್ ಸ್ಲಾಮ್ ಗೆದ್ದರು. ಆದರೆ ಅದರ ಬೆನ್ನಿಗೆ ಬಂದದ್ದು ಉಸಿರಾಟದ ತೊಂದರೆ, ಆಯಾಸ. ನಡುವೆಯೇ ಪಂದ್ಯ ಬಿಟ್ಟುಕೊಡುವ ಅಪಕೀರ್ತಿ. 2010ರಲ್ಲಿ ಇಗೊರ್ ಚೆಟೊಯೆವಿಚ್ ಎಂಬ ವೈದ್ಯರು ಗೋಧಿಯ ಅಂಟಿನಂಶವೇ ಇದಕ್ಕೆ ಕಾರಣವೆಂದು ಹೇಳಿ ಅದನ್ನು ಬಿಡಿಸಿದರು. ಅವರು ಪರೀಕ್ಷಿಸಿದ ವಿಧಾನವನ್ನು ವೈದ್ಯಲೋಕ ಒಪ್ಪದು. ಶಿಷ್ಯನಿಗೆ ಗುಣ ಕಂಡದ್ದು ಮಾತ್ರ ನಿಜ. ಜೋಳದ ರೊಟ್ಟಿ ಉಣ್ಣುವ ನಮ್ಮ ಉತ್ತರ ಕರ್ನಾಟಕದವರಿಗೆ ಇದೊಂದು ತ್ಯಾಗವೆಂದು ತೋರಲಾರದು, ಜೋಳದಲ್ಲಿ ಆ ಅಂಟೇ ಇಲ್ಲ. ಆದರೆ ಪಿಜ್ಜಾ ಮಾರಿ ಬದುಕಿದ ಮನೆಯ ಮಗ ಗೋಧಿ ಬಿಟ್ಟನೆಂದರೆ ಸಣ್ಣ ಮಾತಲ್ಲ.

ಆ ವರ್ಷದ ಕೊನೆಗೆ ಫ್ರಾನ್ಸನ್ನು ಮಣಿಸಿ ಸರ್ಬಿಯಾ ಡೇವಿಸ್ ಕಪ್ ಗೆದ್ದಿತು. (2014ರ ಸೆಪ್ಟೆಂಬರಿನಲ್ಲಿ ಸರ್ಬಿಯಾ ತಂಡ ಡೇವಿಸ್ ಕಪ್ಪಿಗಾಗಿ ಬೆಂಗಳೂರಿಗೇ ಬಂದಿತ್ತು, ಜೊಕೊವಿಚ್ ಬರಲಿಲ್ಲ. ಕೊಡಗಿನ ರೋಹನ್ ಬೋಪಣ್ಣ ಹಾಗೂ ಪೇಸ್ ಎರಡು ಸೆಟ್ ಸೋತೂ ಜೋಡಿ ಆಟ ಗೆದ್ದರು. ಆದರೂ ಭಾರತ 3-2ರಿಂದ ಸೋತಿತು.) 2011ರಲ್ಲಿ ಜೊಕೊವಿಚ್ ಮೂರು ಗ್ರ್ಯಾಂಡ್ ಸ್ಲಾಮ್ ಗೆದ್ದು ಜುಲೈ 4ರಂದು ಜಗತ್ತಿನ ಮೊದಲ ಸ್ಥಾನಕ್ಕೇರಿದರು. ಮುಂದಿನ ವರ್ಷ ಆಸ್ಟ್ರೇಲಿಯದಲ್ಲಿ ನಡಾಲ್ ಅವರೊಡನೆ 5 ಗಂಟೆ 53 ನಿಮಿಷ ಕಾದಾಡಿ ಗೆದ್ದರು. ಸರ್ಬಿಯಾದ ಆರ್ಥೊಡಾಕ್ಸ್ ಚರ್ಚು 2011ರಲ್ಲಿಯೇ ಅವರಿಗೆ ಸಂತ ಸಾವಾ ಪದಕವನ್ನಿತ್ತು ಗೌರವಿಸಿತ್ತು. ಅವರ ಕೊರಳಲ್ಲಿ ಶಿಲುಬೆಯಿರುತ್ತದೆ; ತನ್ನ ಮತದ ಲಾಂಛನವನ್ನು ಎದೆಯ ಮೇಲೆ ಧರಿಸಿ ಲೋಕದೆದುರು ನಿಲ್ಲುವುದು ನಮ್ಮವರಿಗೆ ಅರ್ಥವಾಗದ ಸಂಗತಿಯೇನಲ್ಲ.

2013ರ ಜೂನ್ 1. ಪ್ಯಾರಿಸ್ಸಿನಲ್ಲಿ ಫ್ರೆಂಚ್ ಓಪನ್ ನಡೆದಿತ್ತು. ಅಂದು ಬೆಲ್‌ಗ್ರೇಡಿನಲ್ಲಿ ಗೆಂಚಿಚ್ ಲಿಂಗೈಕ್ಯರಾದರೆಂದು ನಮ್ಮ ಪರಿಭಾಷೆಯಲ್ಲಿ ಹೇಳಬೇಕು. ಅವರಿಗೆ 76 ವರ್ಷ. ಶಿಷ್ಯನ ಬಳಗದವರು ಪಂದ್ಯ ಮುಗಿಯುವವರೆಗೆ ಸುದ್ದಿಯನ್ನು ಮುಚ್ಚಿಟ್ಟರು. ಆಮೇಲೆ ಕೇಳಿದ ಅವರು ಅಳುತ್ತ ಕುಳಿತುಬಿಟ್ಟರು, ಪತ್ರಕರ್ತರನ್ನು ಕಾಣಲಿಲ್ಲ. ಅವರ ಕೈಗೆ ಇನ್ನೂ ದಕ್ಕದಿದ್ದ ಗ್ರ್ಯಾಂಡ್ ಸ್ಲಾಮ್ ಅದೊಂದೇ. ಗುರುವಿನ ನೆನಪಿಗಾಗಿ ಗೆಲ್ಲಬೇಕೆಂದು ಹಂಬಲಿಸಿದರೂ ಉಪಾಂತ್ಯದಲ್ಲಿ ನಡಾಲ್ ಎದುರು ಐದನೆಯ ಸೆಟ್ಟಿನಲ್ಲಿ 9-7ರಿಂದ ಸೋತರು. ಅದು ಕೈಗೂಡಿದ್ದು 2016ರಲ್ಲಿ.

ಇವರ ದೋಷಗಳನ್ನು ಮರೆಮಾಚಿದರೆ ಲೇಖನ ಸ್ತೋತ್ರಪಾಠವಾದೀತು. ಸಿಟ್ಟಿಗೆ ರ‍್ಯಾಕೆಟ್ ಮುರಿದದ್ದು ಹಲವು ಸಲ. 2020ರ ಅಮೆರಿಕನ್ ಓಪನ್ನಿನಲ್ಲಿ ಸಿಟ್ಟಿನಿಂದ ಹಿಂದಕ್ಕೆ ಹೊಡೆದ ಚೆಂಡು ಗೆರೆ ಕಾಯುತ್ತಿದ್ದ ಮಹಿಳೆಯ ಕತ್ತಿಗೆ ತಗುಲಿ, ಪಂದ್ಯಾವಳಿಯಿಂದಲೇ ಹೊರಹಾಕಲ್ಪಟ್ಟರು. ಅದೇ ವರ್ಷ ಕೊರೊನಾ ಕಾಲದಲ್ಲಿ ಇವರು ಏರ್ಪಡಿಸಿದ ಪ್ರದರ್ಶನ ಪಂದ್ಯಗಳಲ್ಲಿ ಆಟಗಾರರಿಗೆ ಸೋಂಕು ತಗುಲಿತು, ಇವರಿಗೂ ತಗುಲಿತು. ಲಸಿಕೆ ಹಾಕಿಸಿಕೊಳ್ಳದ ಇವರನ್ನು 2022ರ ಜನವರಿ 16ರಂದು ಆಸ್ಟ್ರೇಲಿಯ ಹೊರಗಟ್ಟಿತು. ಸ್ವಂತ ದೇಹದ ಬಗೆಗೆ ನಿರ್ಧರಿಸುವ ಹಕ್ಕು ತನ್ನದೆಂಬುದು ಇವರ ವಾದ. ಹಕ್ಕಿಗಾಗಿ ಪಂದ್ಯವನ್ನೇ ಕಳೆದುಕೊಳ್ಳಲು ಸಿದ್ಧರಾದುದು ಪ್ರಾಮಾಣಿಕತೆ, ಒಪ್ಪೋಣ. ಆದರೆ ಸಾಂಕ್ರಾಮಿಕ ರೋಗದಲ್ಲಿ ನನ್ನ ದೇಹವು ನೆರೆಯವನ ಕ್ಷೇಮಕ್ಕೂ ಸಂಬಂಧಿಸಿದ್ದೆಂಬುದನ್ನು ಆ ವಾದ ಮರೆಯುತ್ತದೆ. ಈ ವಿಷಯದಲ್ಲಿ ಅವರನ್ನು ಅನುಸರಿಸಿರೆಂದು ನಮ್ಮ ಯುವಕರಿಗೆ ನಾನು ಹೇಳಲಾರೆ.

24 ಗ್ರ್ಯಾಂಡ್ ಸ್ಲಾಮ್‌ಗಳು, 428 ವಾರಗಳ ಅಗ್ರಸ್ಥಾನ — ಪುರುಷರಲ್ಲಿ ಬೇರಾರೂ ಮುಟ್ಟದ ಲೆಕ್ಕ. ಇಷ್ಟಿದ್ದರೂ ಒಲಿಂಪಿಕ್ ಚಿನ್ನ ದೊರೆತಿರಲಿಲ್ಲ. 2008ರಲ್ಲಿ ಕಂಚು, 2016ರಲ್ಲಿ ಮೊದಲ ಸುತ್ತಿನಲ್ಲಿಯೇ ಸೋತು ಕಣ್ಣೀರಿಡುತ್ತ ಹೊರನಡೆದರು. 2024ರ ಜೂನಿನಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಎರಡೇ ತಿಂಗಳಿಗೆ, ಆಗಸ್ಟ್ 4ರಂದು, ಗುರುವಿನ ಸಾವಿನ ಸುದ್ದಿ ಕೇಳಿದ ಅದೇ ಪ್ಯಾರಿಸ್ ಅಂಗಳದಲ್ಲಿ ತಮಗಿಂತ 16 ವರ್ಷ ಕಿರಿಯರಾದ ಅಲ್ಕರಾಜ್ ಅವರನ್ನು ಗೆದ್ದು ಚಿನ್ನ ಪಡೆದರು. ಮಣ್ಣಿನ ಮೇಲೆ ಮಂಡಿಯೂರಿ ನಡುಗುತ್ತ ಅತ್ತರು.

2024ರ ನವೆಂಬರ್ 1ರಂದು ನೋವಿ ಸಾದ್ ನಗರದ ರೈಲು ನಿಲ್ದಾಣದ ಚಾವಣಿ ಕುಸಿದು ಜನ ಸತ್ತಾಗ, ಭ್ರಷ್ಟಾಚಾರವೇ ಇದಕ್ಕೆ ಕಾರಣವೆಂದು ಸರ್ಬಿಯಾದ ವಿದ್ಯಾರ್ಥಿಗಳು ಬೀದಿಗಿಳಿದರು. ಜೊಕೊವಿಚ್ ಬಹಿರಂಗವಾಗಿ ವಿದ್ಯಾರ್ಥಿಗಳ ಪರ ನಿಂತರು. ಸರ್ಕಾರದ ಪರವಾದ ಪತ್ರಿಕೆಗಳು ನಿನ್ನೆಯವರೆಗೆ ಹೊಗಳಿದ್ದವರನ್ನೇ ಹಳಿದವು. ಅವರ ಕುಟುಂಬವು ಬೆಲ್‌ಗ್ರೇಡಿನಲ್ಲಿ ನಡೆಸುತ್ತಿದ್ದ ಪಂದ್ಯಾವಳಿ 2025ರಲ್ಲಿ ಗ್ರೀಸಿನ ಅಥೆನ್ಸಿಗೆ ಹೋಯಿತು. ಆ ನವೆಂಬರಿನಲ್ಲಿ, 38ನೆಯ ವಯಸ್ಸಿನಲ್ಲಿ, ಅವರು ತಮ್ಮ 101ನೆಯ ಪ್ರಶಸ್ತಿಯನ್ನು ಅಲ್ಲಿಯೇ ಗೆದ್ದರು.